ಕಿತ್ತ ಹಿಪ್ಪುನೇರಳೆಯ ಲೆಕ್ಕ: ಆಮದು ಸುಂಕ ತೀರ್ಮಾನಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ.

ನಾನು ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿಯವಳು. ಅಜ್ಜನ ಕಾಲದಿಂದ ನಮ್ಮದು ರೇಷ್ಮೆ ಸಾಕುವ ಮನೆ. ಅಪ್ಪ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದರು. ಪ್ರತಿ ಬೆಳೆಗೂ ಒಂದು ಸಾಲು. ಎಷ್ಟು ಮೊಟ್ಟೆ ತಂದಿದ್ದು (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ನಾವು ಒಂದು ಮೊಟ್ಟೆ ಅಂತೀವಿ), ಎಷ್ಟು ಕೆಜಿ ರೇಷ್ಮೆ ಗೂಡಾಯ್ತು, ಮಾರ್ಕೆಟ್ಟಲ್ಲಿ ಏನು ರೇಟು ಸಿಕ್ತು, ಅಷ್ಟೇ. ಅಪ್ಪ ಹೋದ ಮೇಲೆ ಆ ಪುಸ್ತಕ ನನ್ನ ಕೈಗೆ ಬಂತು. ಕಚ್ಚಾ ರೇಷ್ಮೆ, ಅಂದರೆ ಗೂಡಿನಿಂದ ಬಿಚ್ಚಿದ ನೂಲು, ಅದರ ಆಮದು ಸುಂಕ ಏಕಾಏಕಿ ಬದಲಾಗುವುದರ ಬಗ್ಗೆ ಈ ಪತ್ರ ಬರೆಯುವಾಗಲೂ ಅದನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಅದರಲ್ಲಿ 2011ರ ಪುಟ ತೆಗೆದರೆ ಮೂರು ಸಾಲು ಒಂದರ ಕೆಳಗೊಂದು ಕಾಣುತ್ತವೆ. ಫೆಬ್ರವರಿಯಲ್ಲಿ 150 ಮೊಟ್ಟೆ, 102 ಕೆಜಿ, ರೇಟು 318. ಏಪ್ರಿಲ್‌ನಲ್ಲಿ 150 ಮೊಟ್ಟೆ, 98 ಕೆಜಿ, ರೇಟು 226. ಜೂನ್‌ನಲ್ಲಿ 150 ಮೊಟ್ಟೆ, 105 ಕೆಜಿ, ರೇಟು 158. ಮೂರೂ ಬೆಳೆ ಚೆನ್ನಾಗಿಯೇ ಆಗಿದ್ದವು. ಸುಣ್ಣಕಟ್ಟು ರೋಗ ಬರಲಿಲ್ಲ, ಹಾಲುತೊಂಡೆ ರೋಗ ಬರಲಿಲ್ಲ, ಊಜಿ ನೊಣವೂ ಕಾಡಲಿಲ್ಲ. ಜೂನ್ ಸಾಲಿನ ಪಕ್ಕದಲ್ಲಿ ಅಪ್ಪ ಪೆನ್ಸಿಲ್ಲಿನಲ್ಲಿ ಎರಡೇ ಪದ ಬರೆದಿದ್ದಾರೆ: "ಕೂಲಿ ಹುಟ್ಟಲಿಲ್ಲ."

ಫೆಬ್ರವರಿಗೂ ಜೂನ್‌ಗೂ ನಡುವೆ ನಡೆದದ್ದು ನಿಮಗೆ ಗೊತ್ತಿರುತ್ತದೆ. 2011ರ ಫೆಬ್ರವರಿ 28ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಅವತ್ತು ನಮ್ಮ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ಕೊನೆಯ ಸಲ ಪೊರೆ ಬಿಟ್ಟಿದ್ದವು. ರೇಷ್ಮೆ ಸಾಕಿದವರಿಗೆ ಆ ದಿನಗಳು ಹೇಗಿರುತ್ತವೆ ಅಂತ ಗೊತ್ತು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಹುಳು ಮನೆಯ ಬಾಗಿಲಲ್ಲಿ ನಿಂತರೆ ಸೋನೆ ಮಳೆ ಹಿಡಿದ ಹಾಗೆ ಸದ್ದು ಕೇಳುತ್ತದೆ. ಸೊಪ್ಪು ಕೊಯ್ಯುವವರು, ಹೊರುವವರು, ಹಾಕುವವರು, ಮನೆಯಲ್ಲಿ ಯಾರೂ ಕೂರುವ ಹಾಗಿಲ್ಲ. ಟಿವಿ ಮುಂದೆ ಕೂತು ಬಜೆಟ್ ಭಾಷಣ ಕೇಳುವ ಹೊತ್ತು ಅದಲ್ಲ. ನಾವು ಕೇಳಲಿಲ್ಲ. ನಮಗೆ ಸುದ್ದಿ ಸಿಕ್ಕಿದ್ದು ಗೂಡಿನ ಮಾರ್ಕೆಟ್‌ನಲ್ಲಿ, ಹರಾಜಿನ ಕೂಗು ತಗ್ಗಿದಾಗ.

ನಾನು ಆಗ ಡಿಗ್ರಿ ಓದುತ್ತಿದ್ದೆ. ರಜೆಗೆ ಬಂದವಳು ಅಪ್ಪನ ಜೊತೆ ಗೂಡು ಹಾಕಿಕೊಂಡು ಹೋಗಿದ್ದೆ. ಯಾವಾಗಲೂ ನಮ್ಮ ಲಾಟ್ ಹತ್ತಿರ ಬಂದು, ಗೂಡಿನೊಳಗೆ ಮೊಣಕೈವರೆಗೂ ಕೈ ಇಳಿಸಿ, ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ ಒಬ್ಬ ರೀಲರ್ (ಗೂಡು ಕೊಂಡು ನೂಲು ತೆಗೆಯುವವರು) ಭಾಯ್ ಇದ್ದರು. ಅವತ್ತು ಅವರು ಕೈ ಹಾಕಲೇ ಇಲ್ಲ. "ಅಣ್ಣಾ, ಹೋದ ವಾರ ತಗೊಂಡ ಗೂಡಿನ ನೂಲೇ ಹಾಗೇ ಬಿದ್ದಿದೆ. ಚೀನಾ ನೂಲು ಕಡಿಮೆಗೆ ಬರುತ್ತೆ ಅಂತ ವ್ಯಾಪಾರಿಗಳು ಕೈ ಎತ್ತಿಬಿಟ್ಟಿದ್ದಾರೆ. ನಾನು ಏನು ಧೈರ್ಯದ ಮೇಲೆ ಕೂಗ್ಲಿ?" ಅಂದರು. ಅಪ್ಪ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಳ್ಳಬೇಕಾದವರು ಅಲ್ಲಿ ಯಾರೂ ಇರಲಿಲ್ಲ.

ಈ ಲೆಕ್ಕ ಹೇಗೆ ನಡೆಯುತ್ತದೆ ಅಂತ ರೇಷ್ಮೆ ಗೊತ್ತಿಲ್ಲದ ಓದುಗರಿಗೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಕೆಜಿ ನೂಲು ತೆಗೆಯಲು ನಮ್ಮ ಮಿಶ್ರತಳಿ ಗೂಡು ಸುಮಾರು ಏಳು ಕೆಜಿ ಬೇಕು. ರೀಲರ್ ಬೆಳಿಗ್ಗೆ ಗೂಡು ಕೊಳ್ಳುತ್ತಾರೆ, ಬೇಯಿಸಿ ನೂಲು ಬಿಚ್ಚುತ್ತಾರೆ, ಆ ನೂಲು ಮಾರಿದ ದುಡ್ಡಿನಲ್ಲೇ ಮತ್ತೆ ಗೂಡಿಗೆ ಬರುತ್ತಾರೆ. ಅವರ ಹತ್ತಿರ ತಿಂಗಳುಗಟ್ಟಲೆ ಕಾಯುವ ಬಂಡವಾಳ ಇಲ್ಲ. ಈಗ ಬಂದರಿಗೆ ಬರುವ ಹೊರಗಿನ ನೂಲು ಕೆಜಿಗೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ. ಶೇ 30 ಸುಂಕ ಇದ್ದರೆ ಅದರ ಮೇಲೆ 600 ರೂಪಾಯಿ ಕೂರುತ್ತದೆ. ಶೇ 5 ಇದ್ದರೆ 100. ವ್ಯತ್ಯಾಸ 500. ಆ 500 ಅನ್ನು ಏಳು ಕೆಜಿ ಗೂಡಿಗೆ ಹಂಚಿ ನೋಡಿ. ಒಂದು ಕೆಜಿ ಗೂಡಿನ ಮೇಲೆ ಸುಮಾರು ಎಪ್ಪತ್ತು ರೂಪಾಯಿ ಹೋಯಿತು. ನೂರು ಕೆಜಿ ಗೂಡು ತೆಗೆದ ಮನೆಗೆ ಒಂದು ಬೆಳೆಯಲ್ಲಿ ಏಳು ಸಾವಿರ. ಸಣ್ಣ ರೈತನಿಗೆ ಆ ಏಳು ಸಾವಿರವೇ ಲಾಭ. ಮಿಕ್ಕಿದ್ದು ಗೊಬ್ಬರಕ್ಕೆ, ಚಾಕಿಗೆ (ಮರಿಹುಳುವಿಗೆ), ಕೂಲಿಗೆ ಹೋಗುತ್ತದೆ.

ಬೆಲೆ ಬೀಳುವುದಕ್ಕೆ ಸುಂಕ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಗೂಡಿನ ರೇಟು ಮದುವೆ ಸೀಸನ್‌ಗೆ ಏರುತ್ತದೆ, ಆಷಾಢಕ್ಕೆ ಇಳಿಯುತ್ತದೆ. ಮಳೆಗಾಲದ ಗೂಡಿನಲ್ಲಿ ನೂಲು ಸರಿಯಾಗಿ ಬಿಚ್ಚುವುದಿಲ್ಲ, ಅದಕ್ಕೂ ರೇಟು ಕಡಿಮೆ. ಅದೆಲ್ಲ ನಮಗೆ ಗೊತ್ತು. ಅದಕ್ಕೆ ನಾವು ತಯಾರಾಗಿಯೇ ಇರುತ್ತೇವೆ. ಒಂದೇ ದಿನದಲ್ಲಿ ಸುಂಕ ಶೇಕಡಾ 25 ಅಂಶ ಇಳಿಯುವುದಕ್ಕೆ ಹೇಗೆ ತಯಾರಾಗುವುದು ಅನ್ನುವುದೇ ನನ್ನ ಪ್ರಶ್ನೆ.

ಬಾಗಿಲು ಮುಚ್ಚಿ ಅಂತ ಕೇಳಲು ನಾನು ಬರೆಯುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ರೈತರು ಬರೆದ ಪತ್ರ ಅಂದರೆ ಅಷ್ಟೇ ಇರುತ್ತದೆ ಅಂತ ಅಂದುಕೊಳ್ಳುವವರು ಇದ್ದಾರೆ. ರೇಷ್ಮೆ ಹುಟ್ಟಿದ್ದೇ ಚೀನಾದಲ್ಲಿ. ಮೈಸೂರು ಸೀಮೆಯಲ್ಲಿ ಅದನ್ನು ಬೆಳೆಸಿದ್ದು ಟಿಪ್ಪು ಸುಲ್ತಾನರ ಕಾಲ. ಜಮ್ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿದಾಗ ಕಲಿಸಲು ಬಂದವರು ಜಪಾನಿನವರು. 1991ರಿಂದ ಸುಮಾರು ಹದಿನೈದು ವರ್ಷ ಜಪಾನಿನ ತಜ್ಞರು ನಮ್ಮ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರ ಜೊತೆ ಕೆಲಸ ಮಾಡಿದರು. ಒಂದೇ ಸಮನಾದ ಒಳ್ಳೆ ನೂಲು ಕೊಡುವ, ನಮ್ಮ ಹವೆಗೆ ಆದಷ್ಟು ಒಗ್ಗಿಸಿದ ದ್ವಿತಳಿ ಹುಳು, ಸಿ.ಎಸ್.ಆರ್. ತಳಿಗಳು, ಬಂದಿದ್ದು ಹಾಗೆ. ಅದೇ ಸಂಸ್ಥೆಯ ವಿ-1 ಹಿಪ್ಪುನೇರಳೆ ಬಂದ ಮೇಲೆ ನಮ್ಮ ತೋಟದ ಎಲೆ ಅಂಗೈ ಅಗಲ ಇದ್ದದ್ದು ಊಟದ ತಟ್ಟೆ ಅಗಲ ಆಯಿತು. ಈಗ ನಮ್ಮೂರ ಕಡೆ ಒಳ್ಳೆ ನೂಲು ತೆಗೆಯುವ ಆಟೋಮ್ಯಾಟಿಕ್ ಯಂತ್ರಗಳೂ ಚೀನಾ ಮೂಲದವೇ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಅಂದರೆ ನಮ್ಮ ಹುಳು ಮನೆಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನು ನೇಕಾರರ ಮಾತು. 2011ರಲ್ಲಿ ಸುಂಕ ಇಳಿಸಿದ್ದು ಸುಮ್ಸುಮ್ನೆ ಅಲ್ಲ. ಅದರ ಹಿಂದಿನ ವರ್ಷ ನೂಲಿನ ಬೆಲೆ ವಿಪರೀತ ಏರಿತ್ತು. ವಾರಾಣಸಿಯಲ್ಲಿ, ಕಾಂಚೀಪುರದಲ್ಲಿ ನೇಕಾರರು ಕಷ್ಟಕ್ಕೆ ಸಿಕ್ಕಿದ್ದರು. ನಾನು ಒಮ್ಮೆ ಆಂಧ್ರದ ಧರ್ಮಾವರಕ್ಕೆ ಸಂಬಂಧಿಕರ ಮನೆಗೆ ಹೋದಾಗ ಅವರ ಪಕ್ಕದ ಮನೆಯ ಮಗ್ಗದ ಗುಂಡಿಯ ಪಕ್ಕ ಕೂತು ನೋಡಿದ್ದೇನೆ. ಸೀರೆಯ ಹಾಸು, ಅಂದರೆ ಉದ್ದದ ಎಳೆ, ಚೀನಾ ನೂಲು. ಹೊಕ್ಕು, ಅಂದರೆ ಅಡ್ಡದ ಎಳೆ, ನಮ್ಮ ನೂಲು. ಯಾಕೆ ಅಂತ ಕೇಳಿದೆ. ಆ ಅಜ್ಜ ಎರಡೂ ಎಳೆಯನ್ನು ನನ್ನ ಬೆರಳಿಗೆ ಕೊಟ್ಟು, "ನೀನೇ ಎಳೆದು ನೋಡವ್ವಾ" ಅಂದರು. ಚೀನಾ ಎಳೆ ಒಂದೇ ಸಮ ಇತ್ತು. ನಮ್ಮದು ಮುಟ್ಟಲು ಮೆದು, ಬಣ್ಣ ಹಿಡಿದರೆ ಹೊಳಪು ಜಾಸ್ತಿ, ಆದರೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ. ಹಾಸಿನಲ್ಲಿ ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತಷ್ಟು ಹೊತ್ತು ಅವರಿಗೂ ಕೂಲಿ ಹುಟ್ಟುವುದಿಲ್ಲ. ಅಪ್ಪ ಪೆನ್ಸಿಲ್ಲಿನಲ್ಲಿ ಬರೆದ ಅದೇ ಮಾತು.

ಹಾಗಾಗಿ ನೇಕಾರರಿಗೆ ಅನುಕೂಲ ಮಾಡಬೇಡಿ ಅಂತ ನಾನು ಹೇಗೆ ಹೇಳಲಿ? ನಮ್ಮ ಗೂಡಿಗೆ ಕೊನೆಗೆ ದಾರಿ ಇರುವುದೇ ಆ ಮಗ್ಗದಲ್ಲಿ. ಪ್ರತಿ ಸಲವೂ ನೇಕಾರರನ್ನು ಒಂದು ಕಡೆ, ಬೆಳೆಗಾರರನ್ನು ಇನ್ನೊಂದು ಕಡೆ ನಿಲ್ಲಿಸಿ, ಯಾರ ದನಿ ಆ ವರ್ಷ ಜೋರಾಗಿದೆಯೋ ಅವರ ಕಡೆಗೆ ಸುಂಕ ವಾಲುವುದು ನಿಲ್ಲಬೇಕು. ನಾನು ಕೇಳುತ್ತಿರುವುದು ಇಷ್ಟೇ.

ಹೇಗೆ ವಾಲಿದೆ ಅಂತ ಒಮ್ಮೆ ನೋಡಿ. 1991ರಲ್ಲಿ ದೇಶ ಮಾರುಕಟ್ಟೆ ತೆರೆಯಿತು. 1995ರಲ್ಲಿ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಬಂತು. 2001ರ ಏಪ್ರಿಲ್ ಹೊತ್ತಿಗೆ ಇಷ್ಟೇ ಆಮದು ಮಾಡಬೇಕು ಅನ್ನುವ ಪರಿಮಾಣದ ಕಟ್ಟುಪಾಡುಗಳು ಹೋದವು. ಚೀನಾ ನೂಲು ಹೊಳೆಯಂತೆ ಬಂತು. 2003ರಲ್ಲಿ ಅದರ ಮೇಲೆ ಡಂಪಿಂಗ್ ವಿರೋಧಿ ಸುಂಕ (ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಸುಂಕ) ಹಾಕಿದರು. 2011ರಲ್ಲಿ ಮೂಲ ಸುಂಕ 30ರಿಂದ 5ಕ್ಕೆ. ರಾಮನಗರದಲ್ಲಿ, ನಮ್ಮಲ್ಲಿ ರೈತರು ಬೀದಿಗೆ ಬಂದರು. 2013ರಲ್ಲಿ 5ರಿಂದ 15ಕ್ಕೆ. ಆಮೇಲೆ ಯಾವಾಗಲೋ 10. 2021ರ ಬಜೆಟ್‌ನಲ್ಲಿ ಮತ್ತೆ 15. ಹತ್ತು ವರ್ಷದಲ್ಲಿ ನಾಲ್ಕು ಸಲ ಬದಲು.

ಹಿಪ್ಪುನೇರಳೆ ತೋಟ ಒಮ್ಮೆ ಹಾಕಿದರೆ ಹದಿನೈದು ವರ್ಷ ಇರುತ್ತದೆ ಅಂತ ನೆಟ್ಟಿರುತ್ತೇವೆ. ಹುಳು ಮನೆ ಕಟ್ಟಲು ಮಾಡಿದ ಸಾಲ ಏಳೆಂಟು ವರ್ಷದ್ದು. ರೀಲರ್ ಒಂದು ಒಳ್ಳೆ ಯಂತ್ರ ಹಾಕಬೇಕೆಂದರೆ ಮನೆ ಪತ್ರ ಬ್ಯಾಂಕಿಗೆ ಕೊಡಬೇಕು. ಇವರೆಲ್ಲರೂ ಹತ್ತು ಹದಿನೈದು ವರ್ಷದ ಲೆಕ್ಕ ಹಾಕಿ ಕೂತಿರುತ್ತಾರೆ. ಅವರ ಬೆಲೆಯನ್ನು ನಡೆಸುವ ಸುಂಕಕ್ಕೆ ಒಂದು ವರ್ಷದ ಭರವಸೆಯೂ ಇಲ್ಲ. ಹೀಗಿರುವಾಗ ದ್ವಿತಳಿ ಬೆಳೆಯಿರಿ, ಗುಣಮಟ್ಟ ಹೆಚ್ಚಿಸಿ, ಚೀನಾ ನೂಲಿಗೆ ಸಾಟಿಯಾಗಿ ಅಂತ ಅಧಿಕಾರಿಗಳು ಊರಿಗೆ ಬಂದು ಹೇಳಿದರೆ ಯಾರು ಧೈರ್ಯ ಮಾಡುತ್ತಾರೆ? ದ್ವಿತಳಿ ಹುಳು ಮಿಶ್ರತಳಿಗಿಂತ ನಾಜೂಕು. ಜಾಸ್ತಿ ಸೆಕೆ ತಡೆಯದು, ಹಳಸಿದ ಸೊಪ್ಪು ತಡೆಯದು. ಗಾಳಿ ಆಡುವ ಒಳ್ಳೆ ಮನೆ ಬೇಕು, ಒಳ್ಳೆ ನೀರು ಬೇಕು. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ವರ್ಷವಾಯಿತು. ಅಷ್ಟೆಲ್ಲ ಖರ್ಚು ಮಾಡಿದ ಮೇಲೆ ರೇಟು ನಿಲ್ಲುತ್ತದೆ ಅನ್ನುವ ನಂಬಿಕೆ ಬೇಕಲ್ವಾ?

ಆ ನಂಬಿಕೆ ಹೋದದ್ದು ಹೇಗೆ ಅಂತ ನಮ್ಮೂರಿನಲ್ಲೇ ಕಂಡಿದ್ದೇನೆ. 2011ರ ಮಳೆಗಾಲದಲ್ಲಿ ನಮ್ಮ ಪಕ್ಕದ ಹೊಲದವರು ಹಿಪ್ಪುನೇರಳೆ ಕಿತ್ತರು. ಜೆಸಿಬಿ ತರಿಸಿದ್ದರು. ಹಿಪ್ಪುನೇರಳೆಯ ಬೇರು ಸುಲಭಕ್ಕೆ ಬರುವುದಿಲ್ಲ. ಒಂದೊಂದು ಬುಡಕ್ಕೂ ಯಂತ್ರ ಎರಡು ಮೂರು ಸಲ ಹಲ್ಲು ಹಾಕಿ ಎಳೆಯಬೇಕಾಗಿತ್ತು. ಕಿತ್ತ ಬುಡಗಳನ್ನು ಬದುವಿನ ಮೇಲೆ ರಾಶಿ ಹಾಕಿದರು. ಎರಡು ದಿನಕ್ಕೆ ಆ ರಾಶಿಯಲ್ಲೇ ಚಿಗುರು ಬಂದಿತ್ತು. ಆ ಮನೆಯ ಅಕ್ಕ ಅದನ್ನು ನೋಡಿ, ಏನೂ ಮಾತಾಡದೆ, ಆ ಚಿಗುರನ್ನು ಕಿತ್ತು ಮೇಕೆಗೆ ಹಾಕಿದರು. ಮೊದಲು ಟೊಮೆಟೊ ಹಾಕಿದರು. ಆಮೇಲೆ ಆ ಹೊಲದ ಅರ್ಧ ಲೇಔಟ್ ಆಯಿತು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ಮೊನ್ನೆ ಮೊನ್ನೆಯವರೆಗೂ ಅವರ ಅಟ್ಟದ ಮೇಲಿದ್ದವು.

ನಾವು ಕೀಳಲಿಲ್ಲ. ಅದರಲ್ಲಿ ನಮ್ಮ ಜಾಣತನ ಏನೂ ಇಲ್ಲ. ಮನೆಯಲ್ಲಿ ಎರಡು ಹಸು ಇದ್ದವು. ಹುಳು ತಿಂದು ಬಿಟ್ಟ ಕಡ್ಡಿ ಸೊಪ್ಪು ಹಸುವಿಗೆ ಮೇವು. ಡೇರಿಯ ದುಡ್ಡು ವಾರಕ್ಕೆ ಬರುತ್ತಿತ್ತು. ಅದರಲ್ಲಿ ಮನೆ ನಡೆಯಿತು, ತೋಟ ಉಳಿಯಿತು.

2020ರಲ್ಲಿ ಲಾಕ್‌ಡೌನ್ ಬಂದಾಗ ಮತ್ತೆ ಗೂಡು ಕೇಳುವವರಿರಲಿಲ್ಲ. ಅದೇ ಅಪ್ಪನ ಕೈಬರಹದ ಕೊನೆಯ ಪುಟ. ಆಮೇಲಿನ ಸಾಲುಗಳು ನನ್ನವು. 2022ರ ಜನವರಿಯ ಸಾಲಿನಲ್ಲಿ ರೇಟು 812 ಅಂತ ಬರೆದಿದ್ದೇನೆ. ಬರೆಯುವಾಗ ಕೈ ನಡುಗಿತ್ತು. ಅಪ್ಪ ಇದ್ದಿದ್ದರೆ ಆ ಸಾಲಿನ ಪಕ್ಕ ಏನು ಬರೆಯುತ್ತಿದ್ದರೋ. ಅವತ್ತು ಮಾರ್ಕೆಟ್ಟಲ್ಲಿ ಎಲ್ಲರ ಮುಖದಲ್ಲೂ ಹಬ್ಬ. ಚೀನಾದಿಂದ ನೂಲು ಬರುವುದು ಕಡಿಮೆಯಾಗಿತ್ತು, ಮದುವೆಗಳು ಮತ್ತೆ ಶುರುವಾಗಿದ್ದವು, ಮಗ್ಗಗಳು ನೂಲು ಕೇಳುತ್ತಿದ್ದವು. ಕೊಡಲು ನಮ್ಮ ಹತ್ತಿರ ಗೂಡು ಸಾಲದು. ಪಕ್ಕದ ಹೊಲದ ಅಣ್ಣ ನನ್ನನ್ನು ಕೇಳಿದ್ದು ಒಂದೇ ಮಾತು: "ಎಂಟುನೂರಾ?" ಅವರ ಹೊಲದಲ್ಲಿ ಅಷ್ಟೊತ್ತಿಗೆ ಸೈಟಿನ ಕಲ್ಲು ನೆಟ್ಟು ಆರು ವರ್ಷವಾಗಿತ್ತು.

ಸುಂಕ ಇಳಿಸಿದಾಗ ಹೋದದ್ದು ಒಂದು ವರ್ಷದ ಲಾಭ ಮಾತ್ರ ಅಲ್ಲ ಸ್ವಾಮಿ. ಮುಂದೆ ನೇಕಾರರಿಗೆ ನೂಲು ಬೇಕಾದಾಗ ಕೊಡಬೇಕಿದ್ದ ತೋಟವೂ ಹೋಯಿತು. ಅಗ್ಗದ ನೂಲಿನ ಹೆಸರಿನಲ್ಲಿ ಇವತ್ತು ಬೆಳೆಗಾರನನ್ನು ಬಿಟ್ಟರೆ, ಹೊರಗಿನ ಬೆಲೆ ಏರಿದ ದಿನ ನೇಕಾರನೂ ಬೀದಿಗೆ ಬರುತ್ತಾನೆ.

ಬೇರೆ ದೇಶಗಳು ಏನು ಮಾಡಿದವು ಅಂತ ನಾನು ಓದಿ ತಿಳಿದಷ್ಟು ಹೇಳುತ್ತೇನೆ. ಚೀನಾದಲ್ಲೂ ನಮ್ಮ ಹಾಗೇ ತೊಂದರೆ ಬಂತು. ಪೂರ್ವದ ಝೆಜಿಯಾಂಗ್, ಜಿಯಾಂಗ್ಸು ಪ್ರಾಂತ್ಯಗಳ ಕಡೆ ಸಾವಿರಾರು ವರ್ಷದಿಂದ ರೇಷ್ಮೆ ಇತ್ತು. ಕಾರ್ಖಾನೆಗಳು ಬಂದವು, ಕೂಲಿ ಏರಿತು, ಭೂಮಿ ದುಬಾರಿಯಾಯಿತು. ಅವರು ಅದನ್ನು ಮಾರುಕಟ್ಟೆ ನೋಡಿಕೊಳ್ಳಲಿ ಅಂತ ಬಿಡಲಿಲ್ಲ. 2006ರ ಸುಮಾರಿಗೆ, ಪೂರ್ವದ ರೇಷ್ಮೆಯನ್ನು ಪಶ್ಚಿಮಕ್ಕೆ ಸಾಗಿಸಬೇಕು ಅಂತ ಸರ್ಕಾರವೇ ಯೋಜನೆ ಹಾಕಿತು. ದಕ್ಷಿಣದ ಗುವಾಂಗ್ಶಿ ಪ್ರಾಂತ್ಯ, ಬೆಚ್ಚನೆಯ ಹವೆ, ಬಡ ರೈತರಿರುವ ಜಾಗ, ಆ ಹೊತ್ತಿಗೆ ಗೂಡಿನಲ್ಲಿ ಇಡೀ ಚೀನಾಕ್ಕೆ ಮೊದಲಾಗಿತ್ತು. ಇವತ್ತಿಗೂ ಅದೇ ಮೊದಲು. ನಮ್ಮ ಮಾರ್ಕೆಟ್ಟಿನಲ್ಲಿ ಅಪ್ಪ ಎದುರಿಸಿದ್ದು ಬರೀ ಅಗ್ಗದ ನೂಲನ್ನಲ್ಲ. ಬಹಳ ಮುಂದೆ ನೋಡಿ ಹಾಕಿದ ಒಂದು ಯೋಜನೆಯನ್ನು. ನಮ್ಮ ಕಡೆ ಅದಕ್ಕೆ ಎದುರಾಗಿ ಇದ್ದದ್ದು ಬಜೆಟ್ಟಿನ ಒಂದು ಸಾಲು.

ಜಪಾನಿನ ಕಥೆ ಬೇರೆ, ಅದನ್ನೂ ಹೇಳಲೇಬೇಕು. 1930ರ ಸುಮಾರಿಗೆ ಅಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ರೈತ ಮನೆಗಳಲ್ಲಿ ಹುಳು ಸಾಕುತ್ತಿದ್ದರು. ಇವತ್ತು ಇನ್ನೂರು ಮನೆಯೂ ಉಳಿದಿಲ್ಲ. 1970ರ ದಶಕದಲ್ಲಿ ಅವರು ಆಮದನ್ನು ಬಿಗಿ ಹಿಡಿದರು. ಆದರೂ ಉಳಿಯಲಿಲ್ಲ. ಜನ ಬೇರೆ ಕೆಲಸಕ್ಕೆ ಹೋದರು, ನಮಗೆ ಸೀರೆ ಇದ್ದ ಹಾಗೆ ಅವರ ಸಾಂಪ್ರದಾಯಿಕ ನಿಲುವಂಗಿಯಾದ ಕಿಮೋನೊ ತೊಡುವವರು ಕಡಿಮೆಯಾದರು. ಸುಂಕ ಒಂದರಿಂದಲೇ ರೇಷ್ಮೆ ಉಳಿಯುವುದಿಲ್ಲ ಅನ್ನುವುದನ್ನು ಇದರಿಂದ ನಾನು ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಉಡುವವರು ಇದ್ದಾರೆ. ಜಗತ್ತಿನಲ್ಲಿ ರೇಷ್ಮೆ ಬೆಳೆಯುವುದರಲ್ಲಿ ನಾವು ಎರಡನೆಯವರು, ಉಡುವುದರಲ್ಲಿ ಮೊದಲನೆಯವರು. 2023-24ರಲ್ಲಿ ದೇಶ ಬೆಳೆದ ಕಚ್ಚಾ ರೇಷ್ಮೆ 38,913 ಟನ್, ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಕರ್ನಾಟಕದ್ದು. ಬೆಳೆದದ್ದು ಮನೆಯಲ್ಲೇ ಖರ್ಚಾಗುವ ಇಂಥ ಬೆಳೆ ಎಷ್ಟು ದೇಶಗಳಿಗಿದೆ? ಮೊಮ್ಮಗಳ ಮದುವೆಗೆ ಧಾರೆ ಸೀರೆ ಇನ್ನೂ ರೇಷ್ಮೆಯದ್ದೇ ಆಗಬೇಕು ಅನ್ನುವ ಅಜ್ಜಿಯರು ಇರುವವರೆಗೆ ನಮಗೆ ಮಾರುಕಟ್ಟೆ ಹುಡುಕುವ ಕೆಲಸ ಇಲ್ಲ.

2019ರ ನವೆಂಬರ್‌ನಲ್ಲಿ ಬ್ಯಾಂಕಾಕಿನಲ್ಲಿ ಭಾರತ ಆರ್‌ಸಿಇಪಿ ಅನ್ನುವ, ಏಷ್ಯಾ ಕಡೆಯ ಹಲವು ದೇಶಗಳ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿಯಿತು. ಆಗ ಹಾಲಿನ ಮಾತು ದೇಶದಲ್ಲೆಲ್ಲ ಕೇಳಿಸಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಡೇರಿಗಳ ಗತಿ ಏನು ಅಂತ ಹಳ್ಳಿ ಹಳ್ಳಿಯಲ್ಲಿ ಜನ ಕೇಳಿದರು. ಅದು ನ್ಯಾಯವಾದ ಮಾತು, ಅದರ ಮನವಿಗೆ ನಾನೂ ಸಹಿ ಹಾಕಿದ್ದೆ. ಹಾಲಿಗೆ ಸಹಕಾರ ಸಂಘ ಇದೆ, ಒಕ್ಕೂಟ ಇದೆ, ಹೋಗಿ ಹೇಳುವವರಿದ್ದಾರೆ. ಅದೇ ಹಸುವಿನ ಪಕ್ಕದ ಕೋಣೆಯಲ್ಲಿ ಸಾಕುವ ಹುಳುವಿನ ಪರವಾಗಿ ಹೇಳುವವರು ಅಷ್ಟು ಗಟ್ಟಿಯಾಗಿಲ್ಲ. ಗೂಡು ಬೆಳೆಯುವವರು ಹಳ್ಳಿಯಲ್ಲಿ, ನೂಲು ಬಿಚ್ಚುವವರು ಪಟ್ಟಣದಲ್ಲಿ, ನೇಯುವವರು ಇನ್ನೊಂದು ರಾಜ್ಯದಲ್ಲಿ. ಮೂವರೂ ಒಂದೇ ಎಳೆಯ ಮೇಲೆ ಬದುಕುತ್ತಾರೆ, ಒಂದೇ ಕೋಣೆಯಲ್ಲಿ ಕೂತು ಮಾತಾಡಿದ್ದು ನಾನಂತೂ ಕಂಡಿಲ್ಲ.

ಅದರಲ್ಲೂ ಹೆಂಗಸರ ಮಾತು ಎಲ್ಲೂ ಬರುವುದಿಲ್ಲ. ಹುಳು ಮನೆಯ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರದ್ದೇ. ರಾತ್ರಿ ಹನ್ನೊಂದಕ್ಕೆ ಕೊನೆಯ ಸೊಪ್ಪು ಹಾಕಿ, ಬೆಳಿಗ್ಗೆ ಐದಕ್ಕೆ ಮೊದಲ ಸೊಪ್ಪು ಹಾಕುವುದು ಅಮ್ಮ. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದು, ಮೈ ಜೇನಿನ ಬಣ್ಣಕ್ಕೆ ತಿರುಗಿದೆಯಾ ಅಂತ ನೋಡಿ ಆರಿಸಿ ಚಂದ್ರಿಕೆಗೆ ಬಿಡುವುದು ಅತ್ತೆ, ಸೊಸೆ, ಮಗಳು. ನೂಲು ಬಿಚ್ಚುವ ಫಿಲೇಚರ್ ಕಾರ್ಖಾನೆಯಲ್ಲಿ ಕುದಿನೀರಿನಲ್ಲಿ ಬೆರಳಿಟ್ಟು ಎಳೆ ಹುಡುಕುವವರೂ ಬಹುತೇಕ ಹೆಂಗಸರು. ಅವರ ಬೆರಳ ತುದಿಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಹೋಗಿರುತ್ತದೆ. ಮಾರ್ಕೆಟ್ಟಿಗೆ ಮಾತ್ರ ಗಂಡಸರು ಹೋಗುತ್ತಾರೆ. ರೇಟು ಬಿದ್ದ ದಿನ ಮನೆಗೆ ಬಂದು ಅದನ್ನು ಹೇಳುವುದು ಅವರಿಗೂ ಕಷ್ಟ, ಕೇಳುವುದು ನಮಗೂ ಕಷ್ಟ.

ಈಗ ನಾನು ಕೇಳುವುದನ್ನು ಕೇಳುತ್ತೇನೆ.

ಸುಂಕ ಎಷ್ಟಿರಬೇಕು ಅಂತ ನಾನು ಒಂದು ಅಂಕಿ ಹಿಡಿದು ಕೂರುವುದಿಲ್ಲ. ಅದು ಬದಲಾಗುವ ರೀತಿಗೆ ಒಂದು ಕ್ರಮ ಬೇಕು. ಬದಲಾಯಿಸುವುದಿದ್ದರೆ ಕನಿಷ್ಠ ಆರು ತಿಂಗಳು ಮುಂಚೆ ಹೇಳಿ. ಆರು ತಿಂಗಳು ಅಂದರೆ ನಮಗೆ ಸುಮಾರು ಮೂರು ಬೆಳೆ. ಅಷ್ಟರಲ್ಲಿ ರೈತ ಮೊಟ್ಟೆ ಕಡಿಮೆ ತರಬಹುದು, ರೀಲರ್ ನೂಲಿನ ದಾಸ್ತಾನು ಇಳಿಸಬಹುದು, ನೇಕಾರ ಆರ್ಡರ್ ಸರಿ ಮಾಡಿಕೊಳ್ಳಬಹುದು. ಇಳಿಸಲೇಬೇಕಾದರೆ ಒಂದು ಸಲಕ್ಕೆ ಐದು ಅಂಶಕ್ಕಿಂತ ಜಾಸ್ತಿ ಬೇಡ. ಮೂವತ್ತರಿಂದ ಐದಕ್ಕೆ ಹಾರುವುದು ಬೇಡವೇ ಬೇಡ.

ಬೆಲೆ ಇಷ್ಟಕ್ಕೆ ಇಳಿದರೆ ಸುಂಕ ತಾನಾಗಿಯೇ ಏರುವ ಹಾಗೆ ಮಾಡಿ ಅಂತ ಮೊದಲು ಬರೆಯೋಣ ಅಂದುಕೊಂಡಿದ್ದೆ. ಓದಿದಾಗ ಗೊತ್ತಾಯಿತು, ಚಿಲಿ ದೇಶ ಗೋಧಿಗೆ ಅಂಥದ್ದೇ ವ್ಯವಸ್ಥೆ ಮಾಡಿಕೊಂಡಿತ್ತು, 2002ರಲ್ಲಿ ಡಬ್ಲ್ಯುಟಿಒ ಅದನ್ನು ತಪ್ಪು ಅಂದಿತು. ಕಚ್ಚಾ ರೇಷ್ಮೆಯೂ ಅದೇ ಕೃಷಿ ಒಪ್ಪಂದದೊಳಗೆ ಬರುತ್ತದೆ. ಹಾಗಾಗಿ ಯಂತ್ರದ ಹಾಗೆ ತಾನೇ ಏರಿಳಿಯುವುದು ಬೇಡ. ಮೂರು ತಿಂಗಳಿಗೊಮ್ಮೆ ಬೆಳೆಗಾರರು, ರೀಲರ್‌ಗಳು, ನೇಕಾರರು ಮೂವರೂ ಇರುವ ಒಂದು ಸಮಿತಿ ಕೂರಲಿ. ಒಂದು ಕೆಜಿ ಗೂಡು ಬೆಳೆಯಲು ಎಷ್ಟು ಖರ್ಚು ಬರುತ್ತದೆ ಅಂತ ಕೇಂದ್ರ ರೇಷ್ಮೆ ಮಂಡಳಿ ಪ್ರತಿ ವರ್ಷ ಊರಿಗೆ ಬಂದು ಲೆಕ್ಕ ಹಾಕಲಿ. ನಮ್ಮ ಪುಸ್ತಕ ಬೇಕಾದರೆ ಕೊಡುತ್ತೇನೆ. ಸಮಿತಿ ಏನು ಹೇಳಿತು, ನೀವು ಯಾಕೆ ಒಪ್ಪಿದಿರಿ ಅಥವಾ ಒಪ್ಪಲಿಲ್ಲ, ಅದನ್ನು ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿಯಲ್ಲಿ ಬರೆದು ಗೂಡಿನ ಮಾರ್ಕೆಟ್ಟಿನ ಗೋಡೆಗೆ ಅಂಟಿಸಿ.

ನೂಲಿಗೆ ಸುಂಕ ಹಾಕಿ ಬಟ್ಟೆಯನ್ನು ಸಡಿಲ ಬಿಟ್ಟರೆ ಅದೇ ನೂಲು ಬಟ್ಟೆಯಾಗಿ ಬರುತ್ತದೆ. ಆಗ ನಾವೂ ಹೋಗುತ್ತೇವೆ, ನೇಕಾರರೂ ಹೋಗುತ್ತಾರೆ. ಎರಡನ್ನೂ ಜೊತೆಗೆ ಇಟ್ಟು ನೋಡಿ. ಕಳ್ಳದಾರಿಯಲ್ಲಿ ಬರುವುದರ ಮೇಲೂ, ಬೆಲೆ ಕಡಿಮೆ ತೋರಿಸಿ ತರುವುದರ ಮೇಲೂ ಕಣ್ಣಿರಲಿ.

ಇನ್ನೊಂದು ಮಾತಿದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ರೇಷ್ಮೆಯ ಆಮದು ಸುಂಕದಿಂದ ಬರುವ ದುಡ್ಡು ರೇಷ್ಮೆಗೇ ಬರಲಿ. ರೇಟು ಬಿದ್ದ ತಿಂಗಳಲ್ಲಿ ನೂಲು ಕೊಂಡು ಇಟ್ಟುಕೊಳ್ಳಲು ಕರ್ನಾಟಕ ರೇಷ್ಮೆ ಮಾರಾಟ ಮಂಡಳಿಯಂಥ ಸಂಸ್ಥೆಗಳಿಗೆ ಕೈಯಲ್ಲಿ ದುಡ್ಡು ಬೇಕು. ರೀಲರ್‌ಗೆ ಎರಡು ತಿಂಗಳು ನೂಲು ಹಿಡಿದಿಟ್ಟುಕೊಳ್ಳುವಷ್ಟು ಕಡಿಮೆ ಬಡ್ಡಿಯ ಸಾಲ ಸಿಕ್ಕರೆ ಅವರು ಗೂಡಿಗೆ ಕೈ ಹಾಕುವುದನ್ನು ನಿಲ್ಲಿಸುವುದಿಲ್ಲ. ಧರ್ಮಾವರದ ಆ ಅಜ್ಜನ ಮಗ್ಗದ ಹಾಸು ಎಳೆಗೆ ನಮ್ಮ ನೂಲೇ ಸಾಕಾಗುವ ದಿನ ಬರಬೇಕಾದರೆ ದ್ವಿತಳಿ ಗೂಡಿಗೂ ಒಳ್ಳೆ ಯಂತ್ರಕ್ಕೂ ಖರ್ಚು ಮಾಡಬೇಕು. ಆ ಖರ್ಚಿಗೆ ದುಡ್ಡು ಚೀನಾ ನೂಲಿನ ಸುಂಕವೇ ಕೊಡಲಿ. ಸುಂಕ ಶಾಶ್ವತವಾಗಿ ನಮ್ಮನ್ನು ಕಾಯಲಿ ಅಂತ ಕೇಳುತ್ತಿಲ್ಲ. ನಾವು ಕಲಿಯುವವರೆಗೆ ಕಾಯಲಿ, ಕಲಿಯುವ ಖರ್ಚನ್ನೂ ಕೊಡಲಿ.

ಜಾಗತೀಕರಣದ ಬಗ್ಗೆ ದೊಡ್ಡ ದೊಡ್ಡ ಸಭೆಗಳು ನಡೆಯುತ್ತವೆ. ನಮ್ಮಂಥ ದೇಶಗಳು ಅದಕ್ಕೆ ಹೇಗೆ ಎದುರಾಗಬೇಕು ಅಂತ ಮಾತಾಡುತ್ತಾರೆ. ತೆರೆಯಬೇಕೋ ಮುಚ್ಚಬೇಕೋ ಅನ್ನುವಲ್ಲೇ ಮಾತು ನಿಂತುಬಿಡುತ್ತದೆ. ಎಷ್ಟು ಬೇಗ ತೆರೆಯಬೇಕು, ಯಾರಿಗೆ ಮೊದಲು ಹೇಳಬೇಕು, ಬಿದ್ದವರನ್ನು ಹಿಡಿಯಲು ಏನು ಇಟ್ಟಿದ್ದೇವೆ ಅನ್ನುವುದನ್ನು ಅದೇ ಸಭೆಗಳಲ್ಲಿ ಕೇಳಿ ಅಂತ ನನ್ನ ವಿನಂತಿ. ನಮ್ಮೂರ ಹೊಲದ ಬದುವಿನಲ್ಲಿ ನಿಂತು ನೋಡಿದರೆ ಇವೇ ಪ್ರಶ್ನೆ ದೊಡ್ಡದಾಗಿ ಕಾಣುತ್ತವೆ.

ಪಕ್ಕದ ಹೊಲದ ಅಣ್ಣ ಈ ಆಗಸ್ಟ್‌ನಲ್ಲಿ ನಮ್ಮ ಮನೆಗೆ ಬಂದಿದ್ದರು. ಲೇಔಟ್ ಆಗದೆ ಉಳಿದ ಅರ್ಧ ಹೊಲದಲ್ಲಿ ಮುಕ್ಕಾಲು ಎಕರೆ ಮತ್ತೆ ಹಿಪ್ಪುನೇರಳೆ ಹಾಕುತ್ತೇನೆ, ವಿ-1 ಕಡ್ಡಿ ಕೊಡ್ತೀಯಾ ಅಂತ ಕೇಳಿದರು. ಅಮ್ಮ ಒಳ್ಳೆ ಕಡ್ಡಿ ಆರಿಸಿ ಕೊಟ್ಟರು. ನಾನು ಹೋಗಿ ಎರಡು ಸಾಲು ನೆಟ್ಟು ಬಂದೆ. ಅಟ್ಟದ ಮೇಲಿದ್ದ ಚಂದ್ರಿಕೆಗಳನ್ನು ಇಳಿಸಿ, ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆದು, ಅಂಗಳದಲ್ಲಿ ಬಿಸಿಲಿಗೆ ಇಟ್ಟಿದ್ದಾರೆ. ಒಂದೆರಡರ ಬಿದಿರು ಗೆದ್ದಲು ಹಿಡಿದಿದೆ, ಮಿಕ್ಕವು ಗಟ್ಟಿಯಾಗಿವೆ. ಕಡ್ಡಿಗಳು ಚಿಗುರಿವೆ. ಮೊದಲ ಸೊಪ್ಪು ಹುಳುವಿಗೆ ಹಾಕುವಷ್ಟು ಆಗಲು ಇನ್ನೂ ಆರು ತಿಂಗಳು ಬೇಕು. ಅಷ್ಟೊತ್ತಿಗೆ ಫೆಬ್ರವರಿ, ನಿಮ್ಮ ಬಜೆಟ್ ಬಂದಿರುತ್ತದೆ.

ಇಂತಿ,
ಶಿಡ್ಲಘಟ್ಟ ತಾಲೂಕಿನ ಒಬ್ಬ ರೇಷ್ಮೆ ಬೆಳೆಗಾರ್ತಿ